ಸ್ವಯಂಭೂ ಸ್ವರಕ್ಕೊಂದು ಮನೆ

ಹಿಂದೆಂದೂ ವೀಣೆಯ ಧ್ವನಿಯನ್ನು ಕೇಳಿರದ ಅರಸನೊಬ್ಬನ ಕಥೆ ಬೌದ್ಧರ ಸಂಯುತ್ತ ನಿಕಾಯದಲ್ಲಿದೆ. ಆ ಧ್ವನಿಗೆ ಮನಸೋತ ಅವನು, ಇಂಥ ಮೋಹಕವಾದ ವಸ್ತುವನ್ನು ತನ್ನ ಮುಂದೆ ತರಬೇಕೆಂದು ಅಪ್ಪಣೆ ಮಾಡಿ, ಸೇವಕರು ವೀಣೆಯನ್ನು ತಂದಿರಿಸಿದಾಗ, ಈ ಮರದ ತುಂಡು ತನಗೆ ಬೇಡ, ಆ ಧ್ವನಿಯನ್ನು ಮಾತ್ರ ತನ್ನಿರೆಂದು ಹಟಹಿಡಿಯುತ್ತಾನೆ. ಒಡಲು, ಚರ್ಮ, ದಂಡಿಗೆ, ತಂತಿ, ಮೀಟುವ ಕಡ್ಡಿ, ಮೀಟುವವನ ಪ್ರಯತ್ನ ಇವೆಲ್ಲವೂ ಸೇರಿದಾಗಲೇ ಧ್ವನಿಯೆಂದು ಅವರು ಬಿನ್ನವಿಸಿದರೂ ಒಪ್ಪದೆ, ವೀಣೆಯನ್ನು ಹತ್ತು ಹೋಳಾಗಿ, ನೂರು ಹೋಳಾಗಿ ಸೀಳಿಸಿ, ಚಕ್ಕೆಗಳನ್ನು ಸುಡಿಸಿ, ಬೂದಿಯನ್ನು ಗಾಳಿಗೆ ತೂರಿಸಿ, ಧ್ವನಿ ಎಲ್ಲಿಯೂ ದೊರೆಯಲಿಲ್ಲವಾದ್ದರಿಂದ ವೀಣೆಯೆಂಬುದು ಹುರುಳಿಲ್ಲದ ವಸ್ತುವೆಂದೂ ಲೋಕವು ಅದರಿಂದ ವೃಥಾ ಮರುಳಾಗಿದೆಯೆಂದೂ ನಿರ್ಣಯಿಸುತ್ತಾನೆ. ಬುದ್ಧನು ಈ ಕಥೆಯನ್ನು ಹೇಳಿದುದು, ದೇಹಮನಸ್ಸುಗಳೊಳಗೆ ‘ನಾನು’ ಎಂಬುದನ್ನು ಹುಡುಕಹೊರಟರೆ ಅದೂ ಹೀಗೆಯೇ ಕೈಗೆ ಸಿಕ್ಕದೆಂದು ತೋರಿಸುವುದಕ್ಕಾಗಿ.

ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಉಪದೇಶಿಸುವಾಗ ಬರುವ ವೀಣೆಯಾದರೋ ಬೇರೊಂದು ದಿಕ್ಕಿಗೆ ಕೈತೋರುತ್ತದೆ. ನುಡಿಯುತ್ತಿರುವ ವೀಣೆಯಿಂದ ಹೊರಬಿದ್ದ ಧ್ವನಿಗಳನ್ನು ಬಿಡಿಬಿಡಿಯಾಗಿ ಹಿಡಿಯುವುದು ಅಶಕ್ಯ; ವೀಣೆಯನ್ನೋ ವೈಣಿಕನನ್ನೋ ಹಿಡಿದರೆ ಧ್ವನಿಯೂ ಹಿಡಿತಕ್ಕೆ ಬಂದಂತಾಯಿತು ಎಂಬುದು ಅಲ್ಲಿಯ ದೃಷ್ಟಾಂತದ ಸಾರ. ಒಂದು ದರ್ಶನಕ್ಕೆ ವೀಣೆಯೆಂಬುದು ಬಿಚ್ಚಿದರೆ ಏನೂ ಉಳಿಯದ ಸಂಘಾತ; ಇನ್ನೊಂದಕ್ಕೆ ಅದು ಸಮಸ್ತ ಧ್ವನಿಭೇದಗಳಿಗೂ ಆಶ್ರಯವಾದ ಮೂಲ. ಈ ಎರಡು ವೀಣೆಗಳ ನಡುವಣ ವಿವಾದವನ್ನು ಪಂಡಿತರ ವಿನೋದವೆಂದು ಬದಿಗಿಡಬಹುದಾಗಿತ್ತು, ಬಿಚ್ಚಿದ ಸ್ಥಿತಿಯಲ್ಲಿಯೇ ಇದ್ದುಕೊಂಡು ಆ ಸ್ಥಿತಿಯಲ್ಲಿಯೇ ನುಡಿಯುವ ವಾದ್ಯವೊಂದು ನಮ್ಮ ಮನೆಯ ಪಡಸಾಲೆಯನ್ನು ಆಕ್ರಮಿಸದೆ ಇದ್ದಿದ್ದರೆ.

ಮಾಡ್ಯುಲರ್ ಸಿಂಥಸೈಜರ್ ಎಂದು ಅದರ ಹೆಸರು. ಹಾರ್ಮೋನಿಯಮ್ಮಿನಲ್ಲಿ ತಿದಿ, ರೀಡು, ಸ್ವರದ ಮನೆಗಳು ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಒಮ್ಮೆಗೇ ಜೋಡಣೆಗೊಂಡು ಕೂತಿರುತ್ತವೆ, ಇದರಲ್ಲಿ ಹಾಗಲ್ಲ. ವಿದ್ಯುತ್ತನ್ನು ನಿಯತಕಾಲದಲ್ಲಿ ಏರಿಳಿಸಿ ಸ್ವರಕ್ಕೆ ಬೇಕಾದ ಕಂಪನವನ್ನು ಕೊಡುವ ಆಸಿಲೇಟರ್ ಒಂದು ಬಿಡಿಭಾಗ. ಆ ಕಂಪನದಲ್ಲಿ ಬೇಡವಾದ ಅಂಶವನ್ನು ಸೋಸುವ ಫಿಲ್ಟರ್ ಇನ್ನೊಂದು. ಧ್ವನಿಯು ಎಷ್ಟು ಹೊತ್ತಿನಲ್ಲಿ ಏರಬೇಕು, ಎಷ್ಟು ಹೊತ್ತಿನಲ್ಲಿ ಅಡಗಬೇಕು ಎಂಬುದನ್ನು ನಿಯಮಿಸುವುದು ಮತ್ತೊಂದು. ಒಂದರ ಹೊರದಾರಿಯನ್ನು ಇನ್ನೊಂದರ ಒಳದಾರಿಗೆ ಗೇಣುದ್ದದ ಪ್ಯಾಚ್ ವೈರಿನಿಂದ ಜೋಡಿಸುವವರೆಗೆ ಯಾವುದಕ್ಕೂ ಯಾವುದರೊಡನೆಯೂ ಸಂಬಂಧವಿಲ್ಲ. 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಎಂಬ ಎಂಜಿನಿಯರನು ಹರ್ಬರ್ಟ್ ಡಾಯ್ಚ್ ಎಂಬ ಸಂಗೀತಗಾರನೊಡನೆ ಸೇರಿ ಒಂದನ್ನು ಕಟ್ಟಿದನು. ಹೆಚ್ಚುಕಡಮೆ ಅದೇ ಕಾಲದಲ್ಲಿ ಡಾನ್ ಬೂಕ್ಲಾ ಎಂಬಾತನು ಆ ದೇಶದ ಪಶ್ಚಿಮ ಕರಾವಳಿಯಲ್ಲಿ ಇನ್ನೊಂದನ್ನು ರೂಪಿಸಿದನು. ನಮ್ಮ ದೇಶಕ್ಕೆ ಅದು ಬಂದುದು ತಡವಾಗಿ ಎಂದು ಭಾವಿಸುವವರುಂಟು, ವಸ್ತುಸ್ಥಿತಿ ಹಾಗಿಲ್ಲ. 1969ರಲ್ಲಿಯೇ ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಯಂತ್ರವನ್ನು ಸ್ಥಾಪಿಸಿದನು. ಪಖವಾಜ್ ಬಲ್ಲ ಗೀತಾ ಸಾರಾಭಾಯಿ ಅವರೂ ಆಗಿನ್ನೂ ತರುಣರಾಗಿದ್ದ ಜಿನರಾಜ ಜೋಶಿಪುರ ಅವರೂ ಅದರ ಮೇಲೆ ಕೃತಿಗಳನ್ನು ರಚಿಸಿದರು. ತರುವಾಯ 1990ರ ದಶಕದಲ್ಲಿ ಜರ್ಮನಿಯ ಡೀಟರ್ ಡ್ಯೋಪ್ಫರ್ ಎಂಬಾತನು ಬಿಡಿಭಾಗಗಳ ಫಲಕಕ್ಕೆ 128.5 ಮಿಲಿಮೀಟರ್ ಎತ್ತರವನ್ನೂ ಹನ್ನೆರಡು ವೋಲ್ಟಿನ ಧನ ಋಣ ವಿದ್ಯುತ್ತನ್ನೂ ಗೊತ್ತುಮಾಡಿದುದರಿಂದ, ಯಾರ ಮನೆಯಲ್ಲಿ ಕಟ್ಟಿದ ಭಾಗವಾದರೂ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಕೂಡುವಂತಾಯಿತು. ಬೆಂಗಳೂರಿನ ಎಸ್. ಪಿ. ರೋಡಿನಲ್ಲಿ ರೆಸಿಸ್ಟರು, ಕೆಪ್ಯಾಸಿಟರು, ಐಸಿಗಳನ್ನು ಕೊಂಡು, ಕೊಪ್ಪಳ ಸೀಮೆಯ ನಮ್ಮ ನವಲಿಯಂಥ ಊರಿನಲ್ಲಿ ಕುಳಿತು ಬೆಸುಗೆ ಹಾಕುವವನಿಗೆ ಇಂಥ ಲೋಕಸಮ್ಮತವಾದ ಒಂದು ಅಳತೆಯಿರುವುದು ಸಣ್ಣ ಉಪಕಾರವಲ್ಲ.

ನವಲಿಯಲ್ಲಿ ಭೋಗಾಪುರೇಶನೆಂದು ಪ್ರಸಿದ್ಧವಾದ ಪ್ರಾಣದೇವರ ಗುಡಿಯಿದೆ. ಆಂಜನೇಯನನ್ನು ವಾಯುವಿನ ಅವತಾರವೆಂದೂ, ಸಕಲ ಜೀವರ ಶ್ವಾಸವನ್ನೂ ನಡೆಸುವ ಮುಖ್ಯಪ್ರಾಣನೆಂದೂ ಕಾಣುವ ಮಾಧ್ವಸಂಪ್ರದಾಯ ಈ ಸೀಮೆಯಲ್ಲಿ ಆಳವಾಗಿ ಬೇರೂರಿದೆ. ಹನುಮನು ಹುಟ್ಟಿದನೆಂದು ಜನ ನಂಬುವ ಅಂಜನಾದ್ರಿಯೂ, ವ್ಯಾಸರಾಯರೇ ಮೊದಲಾದ ಯತಿಗಳ ನವವೃಂದಾವನವೂ ಇದೇ ಸೀಮೆಯ ಆನೆಗೊಂದಿಯಲ್ಲಿವೆ. ದಿನವೊಂದಕ್ಕೆ ಇಪ್ಪತ್ತೊಂದು ಸಾವಿರದ ಆರುನೂರು ಉಸಿರುಗಳು. ಒಂದೊಂದು ಉಸಿರೂ ಪ್ರತಿಜೀವಿಯೊಳಗೆ ಕುಳಿತ ವಾಯುವು ಮಾಡುವ ಹಂಸಮಂತ್ರದ ಜಪ ಎಂಬ ಎಣಿಕೆಯನ್ನು ಇಲ್ಲಿಯ ಹಿರಿಯರು ಮಕ್ಕಳಿಗೆ ಮಗ್ಗಿಯೊಡನೆಯೇ ಹೇಳಿಕೊಡುತ್ತಿದ್ದರು. ಆದುದರಿಂದ ಭಜನೆಯ ಮೇಳದಲ್ಲಿ ಬಹುಕಾಲ ಪೇಟಿಯನ್ನು, ಎಂದರೆ ಹಾರ್ಮೋನಿಯಮ್ಮನ್ನು, ನುಡಿಸಿದ ಹಿರಿಯರೊಬ್ಬರು ನಮ್ಮ ಪಡಸಾಲೆಗೆ ಬಂದು ಈ ಯಂತ್ರದ ಮುಂದೆ ಕೈಕಟ್ಟಿ ನಿಂತು ಕೇಳಿದ ಮಾತನ್ನು ಹಳ್ಳಿಯ ಕುತೂಹಲವೆಂದು ತಳ್ಳಿಹಾಕುವಂತಿರಲಿಲ್ಲ.

“ಪೇಟಿಗೆ ತಿದಿ ಐತಿ, ಕೊಳಲಿಗೆ ಬಾಯಿ ಐತಿ. ಇದಕ್ಕ ಉಸುರು ಎಲ್ಲೈತೋ ತಮ್ಮಾ?”

“ಉಸುರಿಲ್ರೀ ಅಜ್ಜಾರ, ಕರೆಂಟ್ ಐತ್ರಿ.”

“ಕರೆಂಟು ಹೊಕ್ಕೈತಿ, ಬರತೈತಿ. ಉಸುರು ಹೋದ್ರ ಹೋತು. ಎರಡೂ ಒಂದ ಆಕ್ಕಾವೇನು?”

ಹಾರ್ಮೋನಿಯಮ್ಮಿನ ಮೇಲೆ ವಿದ್ವಾಂಸರು ಹೊರಿಸಿದ್ದ ಆರೋಪಗಳು ಬೇರೆ ಜಾತಿಯವು. ಅದು ವಿದೇಶದ್ದು, ಗಮಕ ಹೊರಡಿಸಲಾರದು, ಅದರ ಸ್ವರಸ್ಥಾನಗಳು ನಮ್ಮ ಶ್ರುತಿಗಳಿಗೆ ಹೊಂದವು ಎಂದು ವಾದಿಸಿ, 1940ರಲ್ಲಿ ಆಕಾಶವಾಣಿಯಿಂದ ಅದನ್ನು ಹೊರಗಟ್ಟಿ, 1970ರ ದಶಕದವರೆಗೂ ಬಾಗಿಲ ಹೊರಗೇ ನಿಲ್ಲಿಸಿದರು. ಅಷ್ಟರಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳೂ ಬೆಳಗಾವಿಯಲ್ಲಿ ಆರ್. ಕೆ. ಬಿಜಾಪುರೆಯವರೂ ಆ ಬಹಿಷ್ಕೃತ ಪೆಟ್ಟಿಗೆಯಿಂದಲೇ ಏನನ್ನು ಹೊರಡಿಸಬಹುದೆಂಬುದನ್ನು ತೋರಿಸಿಯಾಗಿತ್ತು. ಅವೆಲ್ಲ ಸಂಗೀತದ ಆಕ್ಷೇಪಗಳು. ಕಾಲವೇ ಅವಕ್ಕೆ ಉತ್ತರ ಹೇಳಿತು. ಅಜ್ಜನವರದು ಸಂಗೀತದ ಆಕ್ಷೇಪವಲ್ಲ, ತತ್ತ್ವದ ಆಕ್ಷೇಪ: ಪ್ರಾಣವಿಲ್ಲದೆಡೆಯಲ್ಲಿ ನಾದ ಹುಟ್ಟಬಲ್ಲುದೆ? ಹುಟ್ಟಿದರೆ ಅದನ್ನು ನಾದವೆನ್ನಬಹುದೆ? ಅದಕ್ಕಿಂತ ಹೆಚ್ಚಾಗಿ, ಅದನ್ನು ಹುಟ್ಟಿಸಿದವನು ಯಾರು?

13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ನಾದದ ಹುಟ್ಟನ್ನು ಹೇಳುವ ಕ್ರಮ ಹಿರಿಯರ ಪರವಾಗಿಯೇ ಇದೆ. ಆತ್ಮನು ನುಡಿಯಬಯಸಿ ಮನಸ್ಸನ್ನು ಪ್ರೇರಿಸುತ್ತಾನೆ. ಮನಸ್ಸು ದೇಹದಲ್ಲಿರುವ ಅಗ್ನಿಯನ್ನು ತಟ್ಟುತ್ತದೆ. ಅಗ್ನಿಯು ವಾಯುವನ್ನು ನೂಕುತ್ತದೆ. ವಾಯುವು ನಾಭಿಯಿಂದ ಮೇಲೇರುತ್ತ ಹೃದಯ, ಕಂಠ, ಮೂರ್ಧಗಳಲ್ಲಿ ಧ್ವನಿಯಾಗಿ ಪ್ರಕಟವಾಗುತ್ತದೆ. ಈ ಗ್ರಂಥಕ್ಕೆ 15ನೆಯ ಶತಮಾನದಲ್ಲಿ ‘ಕಲಾನಿಧಿ’ ಎಂಬ ವ್ಯಾಖ್ಯಾನವನ್ನು ಬರೆದ ಚತುರ ಕಲ್ಲಿನಾಥನು ವಿಜಯನಗರದವನು. ಎಂದರೆ ಆನೆಗೊಂದಿಯ ದಡದಲ್ಲಿ ನಿಂತರೆ ಹೊಳೆಯಾಚೆ ಕಾಣುವ ಊರಿನವನು. ಅಗ್ನಿ ಮತ್ತು ಪ್ರಾಣ ಎರಡೂ ಬೇಕೆನ್ನುವುದು ಶಾಸ್ತ್ರದ ನಿಲುವು. ನನ್ನ ಯಂತ್ರದಲ್ಲಿ ಅಗ್ನಿಯುಂಟೆಂದು ನಾನು ಧೈರ್ಯವಾಗಿ ಹೇಳಬಲ್ಲೆ, ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಪ್ರಾಣದ ವಿಷಯ ಅಷ್ಟು ಸುಲಭವಲ್ಲ.

ಶಾಸ್ತ್ರಕಾರರಲ್ಲಿಯೇ ಈ ವಿಷಯದಲ್ಲಿ ಏಕಮತವಿಲ್ಲವೆಂಬುದನ್ನು ನೆನೆಯಬೇಕು. ನೈಯಾಯಿಕರಿಗೆ ಶಬ್ದವು ಆಕಾಶದ ಗುಣ. ಅದು ಮಾಡಲ್ಪಟ್ಟದ್ದು, ಆದುದರಿಂದ ಮಡಕೆಯಂತೆ ಅನಿತ್ಯ. ಮೀಮಾಂಸಕರಿಗೆ ಶಬ್ದವು ನಿತ್ಯ; ನಮ್ಮ ಪ್ರಯತ್ನವು ಅದನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ವ್ಯಕ್ತಪಡಿಸುತ್ತದೆ, ಅಷ್ಟೆ. ಇದನ್ನು ಓದಿ ವಾದ್ಯಪ್ರಿಯರು ಹಿಗ್ಗುವುದುಂಟು; ಆದರೆ ಮೀಮಾಂಸಕರು ನಿತ್ಯತ್ವವನ್ನು ಹೇಳಿದುದು ವರ್ಣಾತ್ಮಕವಾದ ಶಬ್ದಕ್ಕೆ, ವೇದದ ಅಕ್ಷರಗಳಿಗೆ; ಭೇರಿಯ ಸದ್ದಿಗಾಗಲಿ ಯಂತ್ರದ ಗುಂಯ್‌ಗುಡುವಿಕೆಗಾಗಲಿ ಆ ಗೌರವವನ್ನು ಅವರು ದಯಪಾಲಿಸಿಲ್ಲ. ನಾದಬ್ರಹ್ಮನ ಹೆಸರನ್ನು ಎಲ್ಲ ಬಗೆಯ ಸದ್ದಿಗೂ ಅಂಟಿಸಿ ಕೈತೊಳೆದುಕೊಳ್ಳುವ ಈಚಿನ ರೂಢಿಯು ತತ್ತ್ವವೂ ಅಲ್ಲ, ಭಕ್ತಿಯೂ ಅಲ್ಲವೆಂದು ನನ್ನ ಎಣಿಕೆ. ನಮ್ಮ ಕೊಪ್ಪಳವು ಕೊಪಣವೆಂಬ ಹೆಸರಿನಿಂದ ಮಹಾತೀರ್ಥವಾಗಿದ್ದ ಕಾಲದಲ್ಲಿ ಇಲ್ಲಿಯ ಗುಡ್ಡಗಳಲ್ಲಿ ಸಲ್ಲೇಖನಕ್ಕೆ ಕುಳಿತ ಜೈನಯತಿಗಳು ಮೂರನೆಯ ಮಾತನ್ನು ಬಲ್ಲವರಾಗಿದ್ದರು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ವು ಶಬ್ದವನ್ನು ಆಕಾಶದ ಗುಣವೆನ್ನದೆ, ಪುದ್ಗಲದ, ಎಂದರೆ ಜಡದ್ರವ್ಯದ, ಒಂದು ಪರಿಣಾಮವೆನ್ನುತ್ತದೆ. ಬೆಸುಗೆಯ ಕಡ್ಡಿಯನ್ನು ಹಿಡಿದವನಿಗೆ ಈ ಮತವೇ ಮೊದಲು ರುಚಿಸುವುದು ಸಹಜ. ಅವನ ಮುಂದಿರುವುದೆಲ್ಲವೂ ತಾಮ್ರ, ತವರ, ಸಿಲಿಕಾನ್. ಅದೇ ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿರುವುದರಿಂದ, ವೀಣೆಯನ್ನು ಸುಡಿಸಿದ ಅರಸನ ಕಥೆಯನ್ನು ಬಲ್ಲವರೂ ಈ ದಾರಿಯಲ್ಲಿ ಎಂದಾದರೊಮ್ಮೆ ನಡೆದುಹೋಗಿರಬಹುದೆಂದು ಊಹಿಸಿಕೊಳ್ಳುವುದು ನನಗೊಂದು ಸಂತೋಷ.

ಇನ್ನು ಕಟ್ಟುವ ಕೆಲಸದ ಮಾತು. ದೂರದಿಂದ ನೋಡುವವರಿಗೆ ಇದು ಕಟ್ಟುವವನ ಸ್ವಾತಂತ್ರ್ಯದ ಪರಾಕಾಷ್ಠೆಯಂತೆ ಕಾಣುತ್ತದೆ. ಹತ್ತಿರ ಬಂದರೆ ಪಾರತಂತ್ರ್ಯದ ಪಾಠಶಾಲೆ. ಈ ಯಂತ್ರಗಳಲ್ಲಿ ಒಂದು ವೋಲ್ಟಿಗೆ ಒಂದು ಸ್ಥಾಯಿ ಎಂಬುದು ಕಟ್ಟಳೆ: ಒಂದು ವೋಲ್ಟು ಏರಿದರೆ ಕಂಪನಸಂಖ್ಯೆ ಇಮ್ಮಡಿಯಾಗಬೇಕು. ಈ ಇಮ್ಮಡಿಸುವ ಕೆಲಸವನ್ನು ಮಾಡುವುದು ಟ್ರಾನ್ಸಿಸ್ಟರಿನ ಒಂದು ಸಹಜಸ್ವಭಾವ; ಆ ಸ್ವಭಾವವಾದರೋ ಉಷ್ಣತೆಗೆ ಅಧೀನ. ಪಡಸಾಲೆಯ ಉಷ್ಣತೆ 27 ಡಿಗ್ರಿಯಿಂದ 37ಕ್ಕೆ ಏರಿತೆಂದರೆ, ಸರಿಪಡಿಸುವ ಉಪಾಯವಿಲ್ಲದ ಆಸಿಲೇಟರಿನಲ್ಲಿ ಷಡ್ಜದಿಂದ ತಾರಷಡ್ಜದವರೆಗಿನ ಅಂತರವೇ ಸುಮಾರು 39 ಸೆಂಟಿನಷ್ಟು ಕುಗ್ಗುತ್ತದೆ. ಅರೆಸ್ವರಕ್ಕೆ ನೂರು ಸೆಂಟುಗಳೆಂಬ ಲೆಕ್ಕದಲ್ಲಿ ಇದು ಹಾಡುವವನ ಮುಖವನ್ನು ಹಿಂಡಿಸುವುದಕ್ಕೆ ಬೇಕಾದುದಕ್ಕಿಂತ ಹೆಚ್ಚು. ನಮ್ಮ ಸೀಮೆಯಲ್ಲಿ ಚೈತ್ರ ವೈಶಾಖಗಳ ಮಧ್ಯಾಹ್ನವು ನಲವತ್ತು ಡಿಗ್ರಿಯನ್ನು ಮುಟ್ಟುವುದು ಆಶ್ಚರ್ಯವಲ್ಲ. ಇದಕ್ಕೆ ಪರಿಹಾರವಾಗಿ, ಶಾಖಕ್ಕೆ ತಕ್ಕಂತೆ ತನ್ನ ಪ್ರತಿರೋಧವನ್ನು ಏರಿಸಿಕೊಳ್ಳುವ ವಿಶೇಷ ರೆಸಿಸ್ಟರೊಂದನ್ನು ಇಮ್ಮಡಿಸುವ ಕೆಲಸದ ಜೋಡಿ ಟ್ರಾನ್ಸಿಸ್ಟರುಗಳ ಬೆನ್ನಿಗೆ ಅಂಟಿಸಬೇಕು. ಡಿಗ್ರಿಯೊಂದಕ್ಕೆ ಹತ್ತು ಲಕ್ಷದಲ್ಲಿ 3300 ಪಾಲಿನಷ್ಟು ಏರುವ ಅದು, ಒಂದರ ದೋಷವನ್ನು ಇನ್ನೊಂದರ ದೋಷದಿಂದ ಕಳೆಯುತ್ತದೆ. ಕಟ್ಟುವವನು ಇಲ್ಲಿ ಸೃಷ್ಟಿಕರ್ತನಲ್ಲ. ಎರಡು ವಿಕಾರಗಳ ನಡುವೆ ರಾಜಿ ಮಾಡಿಸುವ ಪಂಚ.

ವಿದ್ಯುತ್ತಿನ ಪೂರೈಕೆಯ ಕಥೆಯೂ ಇಂಥದೇ. ತುಂಗಭದ್ರಾ ಜಲಾಶಯವು 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುವಂತಿದ್ದುದು ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿರುವುದರಿಂದ, ಪ್ರವಾಹಕಾಲದ ಹೆಚ್ಚುವರಿ ನೀರನ್ನು ತಡೆದಿಟ್ಟುಕೊಳ್ಳಲು ನಮ್ಮ ನವಲಿಯಲ್ಲಿ ಸಮಾನಾಂತರ ಜಲಾಶಯವಾಗಬೇಕೆಂಬ ಪ್ರಸ್ತಾವವನ್ನು ಇಲ್ಲಿಯವರು ವರ್ಷಗಳಿಂದ ಕೇಳುತ್ತಿದ್ದಾರೆ. ಆ ಜಲಾಶಯ ಕಟ್ಟುವ ದಿನ ಬರುವಾಗ ಬರಲಿ. ಪೆಟ್ಟಿಗೆಯೊಳಗೆ ನಾನು ಅದನ್ನು ಚಿಕ್ಕ ಪ್ರಮಾಣದಲ್ಲಿ ಕಟ್ಟಿಯಾಗಿದೆ. ವಿದ್ಯುತ್ತಿನ ಹರಿವಿಗೆ ಸಮಾನಾಂತರವಾಗಿ ದೊಡ್ಡ ಕೆಪ್ಯಾಸಿಟರುಗಳನ್ನು ನಿಲ್ಲಿಸಿದರೆ, ಉಬ್ಬರದಲ್ಲಿ ತುಂಬಿಕೊಂಡು ಇಳಿತದಲ್ಲಿ ಬಿಟ್ಟುಕೊಟ್ಟು ಹರಿವನ್ನು ಸಮಮಾಡುತ್ತವೆ. ಕಾಲಾಂತರದಲ್ಲಿ ಅವೂ ಒಳಗೊಳಗೆ ಒಣಗಿ ತಮ್ಮ ಹಿಡಿತವನ್ನು ಕಳೆದುಕೊಳ್ಳುತ್ತವೆ, ಬದಲಿಸಬೇಕಾಗುತ್ತದೆ. ಇಷ್ಟಾದ ಮೇಲೂ ವಿದ್ಯುಜ್ಜಾಲದ ಐವತ್ತು ಕಂಪನಗಳ ಗುಂಯ್‌ಕಾರ ಎಲ್ಲಿಂದಲೋ ನುಸುಳಿ ಬರುತ್ತದೆ. ಅಂಗಳದ ಅರ್ಥಿಂಗ್ ಗುಂಡಿಗೆ ಇದ್ದಿಲು ಉಪ್ಪು ತುಂಬಿ, ಬೇಸಗೆಯಲ್ಲಿ ನೀರು ಹೊಯ್ಯುತ್ತಿದ್ದರೆ ಅದು ತಗ್ಗುತ್ತದೆ. ಆಕಾಶದ ಗುಣವೆಂದು ಕೆಲವರು ಹೇಳುವ ಶಬ್ದವನ್ನು ಶುದ್ಧಗೊಳಿಸಲು ಭೂಮಿಗೆ ನೀರೆರೆಯಬೇಕಾಗಿ ಬರುವುದು ನನಗೆ ಇಂದಿಗೂ ವಿನೋದವೆನಿಸುತ್ತದೆ.

ಈ ಎಲ್ಲ ಉಪಾಯಗಳ ಕಡೆಯಲ್ಲಿ ಒಂದು ಅನುಭವ ಕಾದಿರುತ್ತದೆ. ಅದನ್ನು ವಿವರಿಸುವ ಮೊದಲು ಹೊಳೆಯಾಚೆಯ ಇನ್ನೊಬ್ಬ ಪೂರ್ವಜನನ್ನು ಕರೆಯಬೇಕು. 1550ರಲ್ಲಿ ವಿಜಯನಗರದ ಅಳಿಯ ರಾಮರಾಯನ ಪ್ರೇರಣೆಯಿಂದ ‘ಸ್ವರಮೇಳಕಲಾನಿಧಿ’ಯನ್ನು ಬರೆದ ರಾಮಾಮಾತ್ಯನು ವೀಣೆಗಳ ಪ್ರಕರಣವನ್ನು ಶಿಲ್ಪಿಯ ದೃಷ್ಟಿಯಿಂದ ಬರೆದವನು. ಶುದ್ಧಮೇಳವೀಣೆ, ಮಧ್ಯಮೇಳವೀಣೆ, ಹಿಂದಿನ ಅರಸನ ಹೆಸರಿನಿಂದ ಅಚ್ಯುತರಾಜೇಂದ್ರಮೇಳವೀಣೆ ಎಂದು ಅವನು ಮೂರು ಬಗೆಯನ್ನು ವಿವರಿಸುತ್ತಾನೆ. ಅವುಗಳಲ್ಲಿ ಮತ್ತೆ, ಎಲ್ಲ ರಾಗಗಳಿಗೂ ಸಲ್ಲುವಂತೆ ಮೆಟ್ಟಿಲುಗಳನ್ನು ಸ್ಥಿರವಾಗಿ ನಿಲ್ಲಿಸಿದ ಸರ್ವರಾಗಮೇಳವೀಣೆಯೆಂದೂ, ರಾಗಕ್ಕೊಮ್ಮೆ ಮೆಟ್ಟಿಲುಗಳನ್ನು ಸರಿಸಿಕೊಳ್ಳಬೇಕಾದ ಏಕರಾಗಮೇಳವೀಣೆಯೆಂದೂ ಭೇದವಿದೆ. ವಾದ್ಯವನ್ನು ಸಿದ್ಧಮಾಡಿ ಮುಗಿಸುವುದು ಒಂದು ಮಾರ್ಗ, ಮುಗಿಸದೆ ಪ್ರತಿಸಲವೂ ಹೊಂದಿಸಿಕೊಳ್ಳುವುದು ಇನ್ನೊಂದು ಮಾರ್ಗ ಎಂಬ ವಿವೇಕ, ಪ್ಯಾಚ್ ವೈರುಗಳು ಹುಟ್ಟುವುದಕ್ಕೆ ನಾಲ್ಕು ಶತಮಾನಗಳ ಹಿಂದೆಯೇ ತುಂಗಭದ್ರೆಯ ದಡದಲ್ಲಿ ಲಿಖಿತವಾಗಿತ್ತು.

ಇದಕ್ಕಿಂತ ಮಹತ್ತ್ವದ್ದು, ಮೆಟ್ಟಿಲನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ರಾಮಾಮಾತ್ಯನು ಕೊಡುವ ಪ್ರಮಾಣ. ಅವನು ಸ್ವಯಂಭೂ ಸ್ವರಗಳೆಂಬುವನ್ನು ಹೇಳುತ್ತಾನೆ. ಮನುಷ್ಯನು ಗೊತ್ತುಮಾಡಿದವಲ್ಲ, ತಂತಿಯಲ್ಲಿ ತಾವಾಗಿ ಉದಿಸುವಂಥವು. ಇವು ಇಂದಿನ ಭೌತವಿಜ್ಞಾನದಲ್ಲಿ ಮೂಲಸ್ವರದ ಇಮ್ಮಡಿ, ಮುಮ್ಮಡಿ ಕಂಪನಗಳಾದ ಉಪಸ್ವರಗಳೆಂದು ವಿದ್ವಾಂಸರು ವ್ಯಾಖ್ಯಾನಿಸಿದ್ದಾರೆ. ಮಿರಜಿಯ ತಂಬೂರಿಯನ್ನು ಮೀಟಿದಾಗ, ಯಾರೂ ಮೀಟದ ಗಾಂಧಾರವೊಂದು ಮಂದ್ರಷಡ್ಜದೊಳಗಿಂದ ಎದ್ದುಬರುವುದನ್ನು ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಿ. ವಿ. ರಾಮನ್ನರು 1921ರಲ್ಲಿ ತಂಬೂರಿ ಮತ್ತು ವೀಣೆಗಳ ಕುದುರೆಯನ್ನು ಪರೀಕ್ಷಿಸಿ, ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಲೇಬಾರದೆಂದು ಯೂರೋಪಿನ ನಿಯಮವಿತ್ತೋ, ಅಲ್ಲಿ ಮೀಟಿದರೂ ಆ ಉಪಸ್ವರ ನಮ್ಮ ವಾದ್ಯಗಳಲ್ಲಿ ಹುಟ್ಟುತ್ತದೆಂದು ತೋರಿಸಿದರು. ತಂಬೂರಿಯ ತಂತಿಯಡಿಗೆ ಸಿಕ್ಕಿಸಿದ ಒಂದು ದಾರದೆಳೆ, ಮತ್ತು ಮೊನಚಾಗಿರದೆ ಬೆನ್ನುಬಾಗಿದ ಕುದುರೆ, ಇವೆರಡರ ಮಹಿಮೆ ಅದು. ತಂಬೂರಿ ಮಾಡುವವನು ಆ ಸ್ವರಗಳನ್ನು ಮಾಡುವುದಿಲ್ಲ. ಅವುಗಳಿಗೆ ಅಡ್ಡಿಯಾದುದನ್ನು ಅರದಿಂದ ಉಜ್ಜಿ ತೆಗೆಯುತ್ತಾನೆ.

ನನ್ನ ಪೆಟ್ಟಿಗೆಯಲ್ಲಿಯೂ ಅದೇ ವಿದ್ಯಮಾನ ಇನ್ನೂ ನಗ್ನವಾಗಿ ಗೋಚರಿಸುತ್ತದೆ. ಗರಗಸದ ಹಲ್ಲಿನಾಕಾರದ ತರಂಗವೊಂದರಲ್ಲಿ ಮೂಲಸ್ವರದ ಎಲ್ಲ ಗುಣಕಗಳೂ ಇರುತ್ತವೆ; ಎರಡನೆಯದು ಅರ್ಧ ಬಲದಿಂದ, ಮೂರನೆಯದು ಮೂರರಲ್ಲೊಂದು ಬಲದಿಂದ, ಹೀಗೆ ಕೊನೆಯಿಲ್ಲದೆ. ಫಿಲ್ಟರಿನ ಗುಬ್ಬಿಯನ್ನು ಮೆಲ್ಲಗೆ ತಿರುಗಿಸಿದರೆ ಅವು ಒಂದೊಂದಾಗಿ ಕಿವಿಗೆ ಬೀಳುತ್ತವೆ. ಅವನ್ನು ಅಲ್ಲಿ ಇಟ್ಟವರಾರು? ಕಟ್ಟುವವನು ಇಟ್ಟುದು ಒಂದು ಕೆಪ್ಯಾಸಿಟರು ತುಂಬಿ ಥಟ್ಟನೆ ಬರಿದಾಗುವ ವ್ಯವಸ್ಥೆಯನ್ನು ಮಾತ್ರ. ಇದಕ್ಕೂ ಮುಂದಿನ ಹೆಜ್ಜೆಯೊಂದಿದೆ. 1969ರಲ್ಲಿ ಪೇಟೆಂಟಾದ ಮೂಗ್‌ನ ಏಣಿಯಾಕಾರದ ಫಿಲ್ಟರಿನಲ್ಲಿ, ಟ್ರಾನ್ಸಿಸ್ಟರು ಜೋಡಿಗಳ ನಾಲ್ಕು ಮೆಟ್ಟಿಲು ಹತ್ತಿ ಹೊರಬಂದ ಧ್ವನಿಯನ್ನು ತಿರುವುಮಾಡಿ ಮತ್ತೆ ಬಾಗಿಲಿಗೇ ತಂದು ಬಿಡುವ ದಾರಿಯೊಂದಿದೆ; ಹಾಗೆ ಮರಳಿಸುವ ಪ್ರಮಾಣವನ್ನು ನಾಲ್ಕು ಮಡಿಯವರೆಗೆ ಏರಿಸಿದರೆ, ಯಾವ ಆಸಿಲೇಟರಿಗೂ ಜೋಡಿಸದೆ ಒಂಟಿಯಾಗಿ ಬಿಟ್ಟ ಫಿಲ್ಟರು ತಾನಾಗಿ ಹಾಡತೊಡಗುತ್ತದೆ. ಒಳಗೆ ಬಂದುದನ್ನು ಸೋಸುವುದಕ್ಕೆಂದು ಇಟ್ಟ ಭಾಗವು, ಒಳಗೆ ಏನೂ ಬರದಿದ್ದರೂ ಒಂದು ನಿರ್ಮಲವಾದ ಸ್ವರವನ್ನು ಹೊರಗೆ ಕಳುಹಿಸುತ್ತದೆ. ಮೊದಲ ಸಲ ಇದನ್ನು ಕೇಳಿದವನಿಗೆ ಅನಾಹತನಾದದ ಮಾತು ನಾಲಗೆಯ ತುದಿಗೆ ಬಂದುಬಿಡುತ್ತದೆ.

ಬಂದ ಮಾತನ್ನು ಅಲ್ಲಿಯೇ ತಡೆಯುವುದು ಲೇಸು. ಯೋಗಿಗಳು ಹೇಳುವ ಅನಾಹತವು ಹೊಡೆತವಿಲ್ಲದೆ ಹುಟ್ಟುವಂಥದು. ಈ ಸ್ವರಕ್ಕಾದರೋ ಬೀಜವಿದೆ. ಎಂಥ ರೆಸಿಸ್ಟರಿನಲ್ಲಾದರೂ, ಅದು ಬೆಚ್ಚಗಿದೆಯೆಂಬ ಒಂದೇ ಕಾರಣದಿಂದ, ಇಲೆಕ್ಟ್ರಾನುಗಳು ಅಡ್ಡಾದಿಡ್ಡಿಯಾಗಿ ಅಲೆದಾಡಿ ಅತಿಸೂಕ್ಷ್ಮವಾದ ಸದ್ದನ್ನು ಮಾಡುತ್ತಿರುತ್ತವೆ. ಜಾನ್ಸನ್ ಎಂಬ ವಿಜ್ಞಾನಿ ಅದನ್ನು 1928ರಲ್ಲಿ ಅಳೆದು ಪ್ರಕಟಿಸಿದನು. ಎಲ್ಲ ಕಂಪನಗಳೂ ಕಲಸಿದ ಆ ಕೋಲಾಹಲದಲ್ಲಿ ತನಗೆ ಹೊಂದುವ ಒಂದೇ ಕಂಪನವನ್ನು ಫಿಲ್ಟರು ಆರಿಸಿ, ಮರಳಿ ಮರಳಿ ಪೋಷಿಸಿ, ಸ್ವರವಾಗಿ ಬೆಳೆಸುತ್ತದೆ. ಆದುದರಿಂದ ಶಾರ್ಙ್ಗದೇವನು ಹೇಳಿದ ಅಗ್ನಿ ಇಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ಶಾಖವಿಲ್ಲದಿದ್ದರೆ ಆ ಬೀಜವೇ ಇಲ್ಲ. ಆಸಿಲೇಟರಿನ ಶ್ರುತಿಯನ್ನು ಕೆಡಿಸುವ ಅದೇ ಬೆಂಕಿಯು ಫಿಲ್ಟರಿನ ಸ್ವರಕ್ಕೆ ಹುಟ್ಟನ್ನು ಕೊಡುತ್ತದೆ. ಹಾಗಾದರೆ ಪ್ರಾಣ? ವಿದ್ಯುತ್ತಾಗಿರುವವರೆಗೆ ಆ ಸ್ವರ ಯಾರಿಗೂ ಕೇಳಿಸದು. ಸ್ಪೀಕರಿನ ಕಾಗದದ ಶಂಕು ಗಾಳಿಯನ್ನು ನೂಕಿದ ಮೇಲೆಯೇ ಅದು ಧ್ವನಿ. ಶಾಸ್ತ್ರದಲ್ಲಿ ವಾಯುವು ಅಗ್ನಿಯ ಒಡನೆಯೇ ಬರುತ್ತದೆ, ಇಲ್ಲಿ ಕಡೆಯ ಬಾಗಿಲಲ್ಲಿ ಬಂದು ಕೂಡಿಕೊಳ್ಳುತ್ತದೆ. ಇದು ಅಜ್ಜನವರಿಗೆ ಪೂರ್ತಿಯಾದ ಉತ್ತರವೆಂದು ನಾನು ಹೇಳಲಾರೆ. ಪ್ರಾಣವೆಂದರೆ ಬರಿಯ ಗಾಳಿಯಲ್ಲವೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು.

ಮನೆಯ ವಿಚಾರಕ್ಕೆ ಬರೋಣ. ಬಿಡಿಭಾಗಗಳಿಗೆಲ್ಲ ಒಂದು ಆವರಣ ಬೇಕು. ಹಳೆಯ ಮನೆಯನ್ನು ಕೆಡವಿದಾಗ ಉಳಿದಿದ್ದ ಸಾಗವಾನಿಯ ಚೌಕಟ್ಟುಗಳಿಂದ ಊರಿನ ಬಡಿಗೇರರು ಮಾಡಿಕೊಟ್ಟ ಪೆಟ್ಟಿಗೆಯಲ್ಲಿ ನನ್ನವು ಕೂತಿವೆ; ಅದಕ್ಕೆ ಕಿನ್ನಾಳದ ಚಿತ್ರಗಾರರಿಂದ ಬಣ್ಣ ಬರೆಯಿಸಬೇಕೆಂಬ ಆಸೆಯೊಂದು ಉಳಿದಿದೆ. ಹಗುರಾದ ಪೊಳಕಿಮರದ ಗೊಂಬೆಯ ಮೇಲೆ ಹುಣಿಸೆಬೀಜದ ಅಂಟಿನ ಲೇಪ ಹಚ್ಚಿ ಅವರು ಅದಕ್ಕೆ ಮೈಕಟ್ಟು ಕೊಡುವುದನ್ನು ಕಂಡವನಿಗೆ, ಒಳಗಿನ ಮರವೇ ದೇವರೋ ಹೊರಗಿನ ಲೇಪವೇ ದೇವರೋ ಎಂಬ ಪ್ರಶ್ನೆ ಬಾಲಿಶವೆನಿಸುತ್ತದೆ. ಮೈಸೂರಿನ ಚೌಡಯ್ಯನವರು ಪಿಟೀಲಿಗೆ ಮೂರು ತಂತಿಗಳನ್ನು ಸೇರಿಸಿ ಏಳುತಂತಿಯದನ್ನಾಗಿ ಮಾರ್ಪಡಿಸಿದರು. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಭಾಂಗಣವೇ ಪಿಟೀಲಿನ ಆಕಾರದಲ್ಲಿದೆ, ಅಲ್ಲಿ ಕೇಳುಗರೇ ವಾದ್ಯದ ಒಡಲೊಳಗೆ ಕುಳಿತಿರುತ್ತಾರೆ. ಆದರೆ ಚೌಡಯ್ಯನವರ ಪಿಟೀಲು ಏಳಕ್ಕೆ ನಿಂತಿತು. ಈ ಪೆಟ್ಟಿಗೆಯ ಮಾರ್ಪಾಟಿಗೆ ನಿಲುಗಡೆಯೆಂಬುದಿಲ್ಲ. ಇಂದು ಒಂದು ಭಾಗ ಹೊರಗೆ, ನಾಳೆ ಇನ್ನೊಂದು ಒಳಗೆ. ಎಲ್ಲ ಭಾಗಗಳೂ ಬದಲಾದ ಮೇಲೂ ಇದೇ ಆ ವಾದ್ಯವೆಂದು ಯಾವ ಆಧಾರದಿಂದ ಹೇಳುವುದು?

ಆಗಮಗಳು ಈ ಪ್ರಶ್ನೆಯನ್ನು ತರ್ಕದಿಂದಲ್ಲ, ಕ್ರಿಯೆಯಿಂದ ಬಿಡಿಸಿದವು. ಗುಡಿ ಜೀರ್ಣವಾದಾಗ ಬಿಂಬದಲ್ಲಿರುವ ಕಳೆಯನ್ನು ಕುಂಭಕ್ಕೆ ಆಕರ್ಷಿಸಿ, ಬಾಲಾಲಯದಲ್ಲಿ ಅದನ್ನು ಪೂಜಿಸುತ್ತಿದ್ದು, ಕಟ್ಟಡವನ್ನು ಸರಿಪಡಿಸಿ ಮರಳಿ ತರುತ್ತಾರೆ. ಮನೆ ಬೇರೆ, ಮನೆಯವನು ಬೇರೆ. ಮನೆಯನ್ನು ಕೆಡವಿ ಕಟ್ಟಬಹುದು. ಬಸವಣ್ಣನವರಂತೂ ಇನ್ನೂ ಮುಂದೆ ಹೋಗಿ, ತಮ್ಮ ದೇಹವನ್ನೇ ವಾದ್ಯವಾಗಿ ಮಾರ್ಪಡಿಸಿ ನುಡಿಸಿಕೊಳ್ಳೆಂದು ಕೂಡಲಸಂಗಮನನ್ನು ವಚನವೊಂದರಲ್ಲಿ ಬೇಡಿದವರು. ಅಲ್ಲಿ ಕಟ್ಟುವವನೂ ನುಡಿಸುವವನೂ ಮನುಷ್ಯನಲ್ಲ, ಮನುಷ್ಯನು ಬರಿಯ ಸಾಮಗ್ರಿ. ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವ ಕರ್ಮಕ್ಕೂ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತಾ, ಕರಣಗಳು, ನಾನಾ ಚೇಷ್ಟೆಗಳು, ಐದನೆಯದು ದೈವ. ಆ ಪಟ್ಟಿಯಲ್ಲಿ ಕರ್ತನಿಗೆ ಎರಡನೆಯ ಸ್ಥಾನ. ಮೊದಲನೆಯದು ನೆಲೆಗೆ, ಆವರಣಕ್ಕೆ. ನನ್ನ ಪೆಟ್ಟಿಗೆಯ ಮುಂದೆ ಕುಳಿತು ಆ ಐದನ್ನು ಎಣಿಸಿದರೆ ಒಂದೂ ಬಿಟ್ಟುಹೋಗುವುದಿಲ್ಲ: ಸಾಗವಾನಿಯ ಗೂಡು, ಗುಬ್ಬಿ ತಿರುಗಿಸುವ ನಾನು, ಬೆಸೆದ ಭಾಗಗಳು, ಅವುಗಳೊಳಗಿನ ಏರಿಳಿತಗಳು, ಮತ್ತು ರೆಸಿಸ್ಟರಿನ ಶಾಖದಲ್ಲಿ ಯಾವ ಕ್ಷಣ ಯಾವ ಇಲೆಕ್ಟ್ರಾನು ಎತ್ತ ಸರಿಯಿತೆಂಬ, ಯಾರ ಕೈಯಲ್ಲಿಯೂ ಇಲ್ಲದ ಸಂಗತಿ. ಜೀವನು ಕರ್ತನಲ್ಲವೆಂದರೆ ಶಾಸ್ತ್ರವಿಧಿಗಳೆಲ್ಲ ವ್ಯರ್ಥ, ಸ್ವತಂತ್ರಕರ್ತನೆಂದರೆ ಅಹಂಕಾರ. ಕರ್ತನೇ ಹೌದು, ಆದರೆ ಪರಾಧೀನಕರ್ತನು ಎಂಬ ಮಧ್ವಾಚಾರ್ಯರ ನಿರ್ಣಯವು, ಭಕ್ತಿಯ ವಿಷಯವನ್ನು ಬಿಟ್ಟು ಬರಿಯ ಕೈಕಸಬಿನ ವಿಷಯವಾಗಿ ನೋಡಿದರೂ, ನನಗೆ ಯಥಾರ್ಥವೆನಿಸಿದೆ. ಅರಸನು ವೀಣೆಯನ್ನು ಸೀಳಿಸಿ ಧ್ವನಿಯನ್ನು ಹುಡುಕಿದುದು ತಪ್ಪಲ್ಲ. ಚೂರುಗಳನ್ನು ಮತ್ತೆ ಜೋಡಿಸಿ ನೋಡುವ ತಾಳ್ಮೆ ಅವನಿಗಿರಲಿಲ್ಲ. ಇದ್ದಿದ್ದರೆ, ಜೋಡಿಸಿದ ಕೈ ತನ್ನದೇ ಆದರೂ ಕೂಡಿದಾಗ ಎದ್ದ ಸ್ವರ ತನ್ನದಲ್ಲವೆಂಬುದು ಅವನಿಗೆ ತಿಳಿಯುತ್ತಿತ್ತು.

ಇದನ್ನೆಲ್ಲ ಹೇಳಿ ಅಜ್ಜನವರನ್ನು ಒಪ್ಪಿಸಬಹುದೆಂದುಕೊಂಡು, ಕಡೆಗೆ ಒಂದು ಲೌಕಿಕವಾದ ಪ್ರಮಾಣವನ್ನೂ ಮುಂದಿಟ್ಟೆ. ಭಜನೆಯ ಮೇಳದಲ್ಲಿ ತಂಬೂರಿಯ ಬದಲು ವಿದ್ಯುತ್ತಿನ ಶ್ರುತಿಪೆಟ್ಟಿಗೆ ನಡೆಯುತ್ತಿರುವುದು ಇಂದು ನಿನ್ನೆಯದಲ್ಲ. ಬೆಂಗಳೂರಿನ ಎಂಜಿನಿಯರರೂ ವೇಣುವಾದಕರೂ ಆದ ಜಿ. ರಾಜನಾರಾಯಣ ಅವರು 1979ರ ಸುಮಾರಿಗೆ ಅದನ್ನು ಹೊರತಂದಂದಿನಿಂದ ಕಛೇರಿಗಳಲ್ಲಿಯೂ ಗುಡಿಗಳಲ್ಲಿಯೂ ಅದು ಮನೆಮಾತಾಗಿದೆ.

“ಅದಕ್ಕೂ ಉಸುರಿಲ್ಲಲ್ರೀ ಅಜ್ಜಾರ. ಅದನ್ನ ಹೆಂಗ ಒಪ್ಪಿದ್ರಿ?”

“ಅದು ಆಡಿದ್ದನ್ನ ಆಡತೈತಿ. ನಿಂದು ಮುಂಜಾನಿಗೊಂದು, ಸಂಜಿಗೊಂದು. ಅದರ ಮ್ಯಾಲ ಯಾರು ಹಾಡಬೇಕೋ?”

ಆಕ್ಷೇಪವು ಉಸಿರಿನಿಂದ ಚಾಂಚಲ್ಯಕ್ಕೆ ಸರಿದಿತ್ತು, ಮತ್ತು ಈ ಎರಡನೆಯ ಆಕ್ಷೇಪವೇ ಹೆಚ್ಚು ಗಟ್ಟಿಯಾದದ್ದು. ‘ನಾಟ್ಯಶಾಸ್ತ್ರ’ದಲ್ಲಿ ಭರತನು ಶ್ರುತಿಗಳನ್ನು ನಿರ್ಧರಿಸುವುದಕ್ಕೆ ಒಂದೇ ಅಳತೆಯ ಎರಡು ವೀಣೆಗಳನ್ನು ತೆಗೆದುಕೊಳ್ಳುತ್ತಾನೆ. ಒಂದನ್ನು ಮುಟ್ಟದೆ ಹಾಗೆಯೇ ಬಿಟ್ಟು, ಇನ್ನೊಂದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಹೋಗುತ್ತಾನೆ. ನಂತರದವರು ಅವುಗಳನ್ನು ಧ್ರುವವೀಣೆ, ಚಲವೀಣೆ ಎಂದು ಕರೆದರು. ಚಲವೀಣೆಯು ಎಷ್ಟು ಸರಿಯಿತೆಂಬುದನ್ನು ಹೇಳಬಲ್ಲುದು ಸರಿಯದೆ ನಿಂತ ಧ್ರುವವೀಣೆಯೇ ಹೊರತು ತಾನೇ ಅಲ್ಲ. ಭಜನೆಗೆ ಬೇಕಾದುದು ಧ್ರುವವೀಣೆ. ನಾನು ಕಟ್ಟುತ್ತಿರುವುದು ಚಲವೀಣೆ. ಒಂದೇ ಒಂದು ವ್ಯತ್ಯಾಸವನ್ನು ನಾನು ಅವರಿಗೆ ಒತ್ತಿ ಹೇಳಿದೆ: ಶ್ರುತಿಪೆಟ್ಟಿಗೆಯ ಸ್ಥಿರತೆಯೂ ಯಾರೋ ಕೈಯಾರೆ ಮಾಡಿದ ಸ್ಥಿರತೆಯೇ, ಶಾಖಕ್ಕೂ ವಯಸ್ಸಿಗೂ ಅದೂ ಹೊರತಲ್ಲ. ಅವರು ಅದನ್ನು ಅಲ್ಲಗಳೆಯಲಿಲ್ಲ, ಒಪ್ಪಲೂ ಇಲ್ಲ. ಪೇಟಿಯ ರೀಡುಗಳನ್ನು ಎರಡು ಬೇಸಗೆಗೊಮ್ಮೆ ಕೆರೆದು ಶ್ರುತಿಮಾಡಿಸುವ ಖರ್ಚಿನ ಮಾತನ್ನೆತ್ತಿದರು. ಭಜನೆಗೆ ಈ ಯಂತ್ರವನ್ನು ಒಯ್ಯುವ ಮಾತನ್ನು ನಾನು ಆಮೇಲೆ ಎತ್ತಿಲ್ಲ. ಅವರು ಬಂದಾಗಲೆಲ್ಲ ಶ್ರುತಿಪೆಟ್ಟಿಗೆಯನ್ನು ಮೊದಲು ಹಚ್ಚಿಸಿ, ಫಿಲ್ಟರಿನ ಆ ಒಂಟಿ ಸ್ವರವನ್ನು ಅದರ ಪಂಚಮಕ್ಕೆ ತಂದು ನಿಲ್ಲಿಸೆನ್ನುತ್ತಾರೆ; ಅದು ಎಷ್ಟು ಹೊತ್ತಿಗೆ ಸರಿಯುತ್ತದೆಂದು ನಾವಿಬ್ಬರೂ ಕಾಯುತ್ತೇವೆ, ಹೆಚ್ಚಿನ ಸಲ ನನಗಿಂತ ಮೊದಲು ಅವರಿಗೇ ತಿಳಿಯುತ್ತದೆ.